ಅಂಚಿನವರೆಗೆ ಬಿಟ್ಟ ದಾರಿ

ಹೋದ ವಾರ ನನ್ನ ಪಿಕಪ್ಪಿನ ಕ್ಲಚ್ ರಿಪೇರಿಗೆ ರಾಸ್ ಅಲ್ ಖೋರ್‌ಗೆ ಹೋಗಿದ್ದೆ. ಬೆಳಗ್ಗೆಯಿಂದ ಮಳೆ. ದುಬೈಗೆ ಮಳೆ ಬಂದರೆ ಅರ್ಧ ಊರಿಗೆ ಸಂಭ್ರಮ, ಅರ್ಧ ಊರಿಗೆ ನೀರು. ಮೆಕ್ಯಾನಿಕ್ ಗಾಡಿ ಬಿಚ್ಚಿಟ್ಟು ಮಧ್ಯಾಹ್ನ ಬಾ ಎಂದ. ಕಾಲು ತಾನಾಗಿ ಹಳೆಯ ಓಣಿಗೆ ತಿರುಗಿತು. ನಾವು ಕಾರ್ಪೆಟ್ ತೊಳೆಯುತ್ತಿದ್ದ ಶೆಡ್ಡಿನಲ್ಲಿ ಈಗ ಟೈರಿನ ಅಂಗಡಿ. ಗೋಡೆಯ ಬಣ್ಣ ಬದಲಾಗಿದೆ, ಬೋರ್ಡು ಬದಲಾಗಿದೆ, ನೆಲ ಮಾತ್ರ ನಮ್ಮದೇ. ನೀರು ಒಂದು ಮೂಲೆಗೆ ಹರಿಯಲೆಂದು ನಾನೇ ಕರಣೆ ಹಿಡಿದು ಇಳಿಜಾರು ಕೊಟ್ಟ ನೆಲ ಅದು. ಮಳೆಯ ನೀರು ಆ ಮೂಲೆಯ ಮೋರಿಗೆ ಇಳಿಯುತ್ತಿದ್ದಂತೆ ಒಂದು ವಾಸನೆ ಎದ್ದಿತು. ಹೊಸ ಟೈರಿನ ವಾಸನೆಯನ್ನೂ ಮೀರಿದ, ಒದ್ದೆ ಉಣ್ಣೆಯ ವಾಸನೆ.

ಟೈರಿನ ಅಂಗಡಿಯವನು "ಕ್ಯಾ ಚಾಹಿಯೇ?" ಎಂದು ಕೇಳಿದ. ಏನೂ ಬೇಡವೆಂದು ಕೈಯಾಡಿಸಿ ಅಲ್ಲೇ ನಿಂತೆ.

ನಮ್ಮದು ಚಳ್ಳಕೆರೆ ಸೀಮೆ. ಅಪ್ಪ ಕಂಬಳಿ ನೇಯುತ್ತಿದ್ದರು. ಏಳನೇ ಕ್ಲಾಸಿನಲ್ಲಿ ಶಾಲೆ ಬಿಟ್ಟು ಮಗ್ಗದ ಗುಂಡಿಗೆ ಇಳಿದವನು ನಾನು. ಅದರ ಬಗ್ಗೆ ನನಗೆ ಯಾವತ್ತೂ ನಾಚಿಕೆಯಾದದ್ದಿಲ್ಲ. ಹುಣಸೆ ಬೀಜದ ಗಂಜಿ ಕುಡಿಸಿ ಬಿಸಿಲಿಗೆ ಹಾಕಿದ ನಮ್ಮ ಕಂಬಳಿ ತಗಡಿನ ಹಾಗೆ ನಿಲ್ಲುತ್ತಿತ್ತು; ನೀರು ಸುರಿದರೆ ಜಾರಿ ಹೋಗುತ್ತಿತ್ತು. ಆಮೇಲೆ ಊರಿನ ಕಾವಲಿಗೆ, ಅಂದರೆ ಕುರಿ ಮೇಯುವ ಬಯಲಿಗೆ, ಉದ್ದಕ್ಕೂ ಗೋಡೆ ಎದ್ದಿತು. ಒಳಗೆ ಏನೇನೋ ದೊಡ್ಡ ದೊಡ್ಡ ಕೆಲಸವಂತೆ. ಹುಲ್ಲು ಗೋಡೆಯ ಆಚೆಗಾಯಿತು, ಕುರಿ ಈಚೆಗಾಯಿತು. ಊರವರು ಒಬ್ಬೊಬ್ಬರಾಗಿ ಹಿಂಡು ಮಾರಿದರು. ಉಣ್ಣೆ ಇಲ್ಲದ ಮಗ್ಗದಲ್ಲಿ ಕೂತು ಮಾಡುವುದೇನು? ನಾನು ದುಬೈ ವಿಮಾನ ಹತ್ತಿದೆ. ಕಟ್ಟಡದ ಕೆಲಸ, ಸಾಮಾನು ಹೊರುವ ಕೆಲಸ ಎಲ್ಲ ಮುಗಿಸಿ, ಕೊನೆಗೆ ಕೈ ಬಲ್ಲ ಕೆಲಸಕ್ಕೇ ಬಂದು ಸೇರಿದೆ. ಈ ಊರಿನ ಉಣ್ಣೆಯ ಕಾರ್ಪೆಟ್ಟುಗಳನ್ನೆಲ್ಲ ತೊಳೆಯುವ ಕೆಲಸ.

ಅಂಗಡಿ ನಡೆಸುತ್ತಿದ್ದವರು ಅಬ್ಬಾಸಣ್ಣ. ಬಂಟ್ವಾಳದ ಬ್ಯಾರಿ, ಬಾಯಿ ಜೋರು, ಮನಸ್ಸು ಬೆಣ್ಣೆ. ಹರಿದದ್ದನ್ನು ಸರಿಮಾಡುತ್ತಿದ್ದವರು ಶಿರ್ವದ ಕಡೆಯ ಲಾರೆನ್ಸ್ ಮಾಮ. ಕಿಟಕಿಯ ಪಕ್ಕದಲ್ಲಿ ಅವರದೊಂದು ಮೇಜು, ಒಂದು ದೀಪ, ಗೋಡೆಯಲ್ಲಿ ಒಂದು ಶಿಲುಬೆ. ಇಲಿ ಕಡಿದ ತೂತನ್ನು ಅವರು ಮುಚ್ಚಿದರೆ ಇಲಿಗೇ ಗುರುತು ಸಿಗುತ್ತಿರಲಿಲ್ಲ. ಹಾಗಂತ ಅಬ್ಬಾಸಣ್ಣ ಎಲ್ಲ ಗಿರಾಕಿಗಳಿಗೂ ಹೇಳುತ್ತಿದ್ದರು. ಮಾಮ ಕೇಳದವರ ಹಾಗೆ ಸೂಜಿ ಎಳೆಯುತ್ತ ನಗುತ್ತಿದ್ದರು.

ಒಂದು ಚಳಿಗಾಲದ ಶುರುವಿನಲ್ಲಿ ಸಿಸ್ಟರ್ ಡೆಲ್ಲಾ ಬಂದದ್ದು. ಅಲ್ ಐನ್‌ನ ಒಂದು ಆಸ್ಪತ್ರೆಯಲ್ಲಿ ನರ್ಸ್. ಕಾರಿನ ಹಿಂದಿನ ಸೀಟಿನಲ್ಲಿ ಮಗುವನ್ನು ಮಲಗಿಸಿದ ಹಾಗೆ ಒಂದು ಸುರುಳಿ ಮಲಗಿಸಿಕೊಂಡು ಬಂದಿದ್ದಳು. ನಡುವಯಸ್ಸು, ಕಂದು ಮೈ, ದಪ್ಪ ಕಪ್ಪು ಜಡೆ.

"ಅಮೆರಿಕಾದವಳಂತೆ ಮಾರಾಯ," ಅಬ್ಬಾಸಣ್ಣ ಒಳಗೆ ಬಂದು ಪಿಸುಗುಟ್ಟಿದರು. "ನೋಡ್ಲಿಕ್ಕೆ ನಮ್ಮ ಕಡೆಯ ಟೀಚರಮ್ಮನ ಹಾಗೆ ಉಂಟು. ಸುಳ್ಳು ಹೇಳುದಾ ಏನು?"

"ಅಮೆರಿಕಾದಾಗೆ ಬಿಳೇರು ಬರೋಕ್ ಮುಂಚೆ ಯಾರೂ ಇರ್ಲಿಲ್ವಾ ಅಣ್ಣಾ?" ಎಂದೆ.

"ಓಹೋ, ಏಳನೇ ಕ್ಲಾಸಿನ ಪ್ರೊಫೆಸರ್! ಬಾ, ಮಾಲು ನೋಡು."

ಸುರುಳಿ ಬಿಚ್ಚಿದೆ. ಕೈಮಗ್ಗದ ಉಣ್ಣೆಯ ಜಮಖಾನ. ಕೈಯಿಟ್ಟ ತಕ್ಷಣ ಊರಿನ ಉಣ್ಣೆ ಮುಟ್ಟಿದ ಹಾಗಾಯಿತು. ಕಪ್ಪು, ಕಂದು, ಬೂದು, ಬಿಳಿ. ಒಂದಕ್ಕೂ ಬಣ್ಣ ಕುಡಿಸಿದ್ದಲ್ಲ, ಕುರಿಯ ಮೈಬಣ್ಣವೇ. ಕೈಯಲ್ಲಿ ನೂತ ನೂಲು. ಸುತ್ತಲೂ ಅಗಲವಾದ ಕಪ್ಪು ಅಂಚು, ಒಳಗೆ ಮೆಟ್ಟಿಲು ಮೆಟ್ಟಿಲಾದ ಚಿತ್ತಾರ. ಅವಳ ಅಮ್ಮ ನೇಯ್ದದ್ದಂತೆ. ಮನೆಯಲ್ಲಿ ಎಸಿಯ ನೀರು ಸೋರಿ ಅರ್ಧ ನೆನೆದು ಕಲೆಯಾಗಿತ್ತು. ಒಂದು ಮೂಲೆಯ ಕಪ್ಪು ಅಂಚಿನಲ್ಲಿ ಹುಳ ತಿಂದ ಸಣ್ಣ ತೂತೂ ಇತ್ತು. ತೊಳೆದು, ತೂತು ಮುಚ್ಚಿಕೊಡಿ, ಮುಂದಿನ ವಾರ ಊರಿಗೆ ಹೊರಟಿದ್ದೇನೆ, ಅಮ್ಮನಿಗೆ ತೋರಿಸಬೇಕು ಎಂದಳು. ಅವಳ ಇಂಗ್ಲಿಷ್ ನಿಧಾನದ್ದು, ನನಗೂ ತಿಳಿಯುವಂಥದ್ದು. ಅವಳ ಮಾತನ್ನು ನನ್ನ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಅದನ್ನು ನಾನು ಮೆಷಿನ್ನಿನ ಹತ್ತಿರಕ್ಕೂ ಒಯ್ಯಲಿಲ್ಲ. ತಣ್ಣೀರು, ಬರಿಗೈ, ಹಿಂಡದೆ ಒತ್ತಿ ಒತ್ತಿ ನೀರು ತೆಗೆಯುವುದು. ಬೇರೆಯವರು ಕೈ ಹಾಕಲು ಬಂದರೆ ಬೇಡವೆಂದೆ. ನೀರು ಬಿದ್ದದ್ದೇ ತಡ, ನಮ್ಮನೆಯ ಹಟ್ಟಿಯ ವಾಸನೆ ಬಂತು. ಎಲ್ಲಿಯ ಅಮೆರಿಕ, ಎಲ್ಲಿಯ ಚಳ್ಳಕೆರೆ. ಒಣಗಿಸಿ ಲಾರೆನ್ಸ್ ಮಾಮನ ಮೇಜಿನ ಮೇಲೆ ಹಾಸಿದೆ.

ಮಾಮ ತೂತು ಮುಚ್ಚಿದರು. ಆಮೇಲೆ ಕನ್ನಡಕ ಮೇಲೇರಿಸಿ, ಮೂಗು ಬಟ್ಟೆಗೆ ತಾಗುವಷ್ಟು ಬಗ್ಗಿ ನೋಡಿದರು. ಬಲಗಡೆಯ ಕಪ್ಪು ಅಂಚಿನಲ್ಲಿ ಒಂದೇ ಒಂದು ಎಳೆ ಬೂದು ಬಣ್ಣದ್ದು. ಒಳಗಿನ ಚಿತ್ತಾರದಿಂದ ಹೊರಟು, ಅಂಚನ್ನು ಸೀಳಿಕೊಂಡು, ಬಟ್ಟೆಯ ತುದಿಯವರೆಗೆ ಹೋಗಿತ್ತು.

"ಇಷ್ಟು ಚಂದ ನೇಯ್ದವರು ಇಲ್ಲಿ ಎಂತ ಮಾಡಿದ್ದು?" ಎಂದರು. "ಕಪ್ಪು ನೂಲು ಮುಗಿದಿರ್ಬೇಕು ಪಾಪ."

ನಮ್ಮಲ್ಲೂ ಹಾಗೆಯೇ. ಕರಿಯ ಅಂಚಿನಲ್ಲಿ ಬೇರೆ ಎಳೆ ಕಂಡರೆ ಅಪ್ಪ ಆ ಕಂಬಳಿಯನ್ನು ಸಂತೆಗೆ ಒಯ್ಯುತ್ತಿರಲಿಲ್ಲ. ಮಾಮ ಆ ಬೂದು ಎಳೆಯನ್ನು ತುದಿಯಿಂದ ಮೆಲ್ಲಗೆ ಎಳೆದು ತೆಗೆದು, ಅದರ ಜಾಗದಲ್ಲಿ ಕಪ್ಪು ನೂಲು ಓಡಿಸಿದರು. ಗುರುವಾರ ಇಡೀ ದಿನದ ಕೆಲಸ. ಯಾರೂ ಕೇಳಿರಲಿಲ್ಲ. "ಅಮ್ಮನಿಗೆ ತೋರಿಸ್ಲಿಕ್ಕೆ ಕೊಂಡೋಗುದಲ್ವಾ, ನನ್ನ ಲೆಕ್ಕದಲ್ಲಿ ಒಂದು ಗಿಫ್ಟ್," ಎಂದರು. ಆಗ ಇಲ್ಲಿ ವಾರದ ರಜೆ ಶುಕ್ರವಾರ; ಅವತ್ತು ಇಗರ್ಜಿಗೆ ಹೋಗುವ ಮೊದಲು ಮೇಜು ಗುಡಿಸಿ, ನೂಲಿನ ತುಂಡುಗಳನ್ನು ಕಸಕ್ಕೆ ಹಾಕಿ ಹೋಗುವುದು ಅವರ ಶಿಸ್ತು. ಆ ಶುಕ್ರವಾರವೂ ಹಾಗೆಯೇ ಮಾಡಿದರು.

ಶನಿವಾರ ಸಂಜೆ ಡೆಲ್ಲಾ ಬಂದಳು. ತೊಳೆದ ಬಟ್ಟೆ ನೋಡಿ ಮುಖ ಅರಳಿತು. ಕೆನ್ನೆ ಒತ್ತಿ ಮೂಸಿದಳು. ಆಮೇಲೆ ಅವಳ ಬೆರಳು ಬಲಗಡೆಯ ಅಂಚಿಗೆ ಹೋಯಿತು. ಒಮ್ಮೆ ಸವರಿತು. ಮತ್ತೊಮ್ಮೆ. ಬಟ್ಟೆ ತಿರುಗಿಸಿ ಹಿಂಬದಿ ನೋಡಿದಳು.

ಲಾರೆನ್ಸ್ ಮಾಮ ಎದ್ದು ನಿಂತು, "ನೋ ಚಾರ್ಜ್, ಸಿಸ್ಟರ್! ಮಿಸ್ಟೇಕ್ ಖಲಾಸ್!" ಎಂದು ನಕ್ಕರು.

ಅವಳು ಕೂಗಾಡಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು. ಅಲ್ಲೇ ಇದ್ದ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು, "ಅದು ತಪ್ಪಲ್ಲ, ಅದು ದಾರಿ," ಎಂದಳು.

ಅವರ ಜನ ನವಾಹೊ, ಅಮೆರಿಕದ ಮೂಲನಿವಾಸಿಗಳು. ಸುತ್ತಲೂ ಅಂಚು ಕಟ್ಟಿ ನೇಯುವಾಗ ನೇಯುವವಳ ಮನಸ್ಸು, ಯೋಚನೆ ಎಲ್ಲ ಅಂಚಿನೊಳಗೆ ಹೋಗಿಬಿಡುತ್ತದಂತೆ. ಅದು ಹೊರಗೆ ಬರಲು ಒಂದು ಎಳೆಯಷ್ಟು ದಾರಿ ಬಿಡಬೇಕು. ಬಿಡದಿದ್ದರೆ ಮನಸ್ಸು ಅಲ್ಲೇ ಸಿಕ್ಕಿಬಿದ್ದು, ನೇಯುವವಳಿಗೆ ಮರೆವು ಬರುತ್ತದೆ, ಕಣ್ಣು ಹೋಗುತ್ತದೆ ಎಂದು ಹಿರಿಯರ ಮಾತು. ಅಮ್ಮನಿಗೆ ಎರಡು ವರ್ಷದಿಂದ ಮರೆವು ಶುರುವಾಗಿತ್ತು. ಫೋನ್ ಮಾಡಿದಾಗೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದಳಂತೆ: ನಿನಗೆ ಕೊಟ್ಟ ಆ ಕೊನೆಯದರಲ್ಲಿ ದಾರಿ ಬಿಟ್ಟಿದ್ದೇನಾ? "ಬಿಟ್ಟಿದ್ದೀಯಮ್ಮ ಅಂತ ಪ್ರತಿ ಸಲ ಹೇಳುತ್ತಿದ್ದೆ," ಎಂದಳು ಡೆಲ್ಲಾ. "ಅವಳು ನಂಬಲಿಲ್ಲ. ಕೈಯಲ್ಲಿ ಮುಟ್ಟಿಸುತ್ತೇನೆ ಅಂತ ಟಿಕೆಟ್ ತೆಗೆದೆ. ನಾನು ನರ್ಸ್. ಈ ರೋಗ ಯಾವುದೆಂದು ನನಗೆ ಗೊತ್ತು. ಆದರೆ ಅವಳಿಗೆ ಗೊತ್ತಿರುವುದು ಇದು."

ಅಬ್ಬಾಸಣ್ಣ ಕನ್ನಡದಲ್ಲಿ ಮಾಮನಿಗೆ ಬಿಡಿಸಿ ಹೇಳಿದರು. ಮಾಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬಾಯಿಂದ ಬಂದದ್ದು ಒಂದೇ ಮಾತು. "ದೇವಾ, ನಾನೆಂತ ಮಾಡಿದೆ!"

ಎಳೆ ಹುಡುಕಲು ನಾನು ಹೊರಟೆ. ಮುನಿಸಿಪಾಲಿಟಿಯ ಲಾರಿ ಬೆಳಗ್ಗೆಯೇ ಕಸದ ಡಬ್ಬಿ ಖಾಲಿ ಮಾಡಿತ್ತು. ಮೋರಿಯ ಜಾಲರಿ ಎತ್ತಿ ಕೈ ಹಾಕಿದೆ. ಇರಾನಿನದು, ತುರ್ಕಿಯದು, ಪಾಕಿಸ್ತಾನದ್ದು, ಎಲ್ಲ ಊರಿನ ಕುರಿಗಳ ಉಣ್ಣೆ ಒಂದೇ ಬೂದು ಮುದ್ದೆಯಾಗಿ ಬಂತು. ಅದರಲ್ಲಿ ಅವಳಮ್ಮನದು ಯಾವುದೆಂದು ದೇವರೂ ಹೇಳಲಾರ.

ಕಪ್ಪು ಎಳೆಯನ್ನಂತೂ ತೆಗೆಯಲೇಬೇಕಿತ್ತು. ಒಳಗಿನ ಗಂಟುಗಳನ್ನು ಕಾಣದ ಹಾಗೆ ಹಾಕಿದ್ದರಿಂದ ಬಿಡಿಸುವುದು ಹಾಕಿದ್ದಕ್ಕಿಂತ ಕಷ್ಟ. ಭಾನುವಾರ, ಸೋಮವಾರ ಎರಡು ಸಂಜೆಯೂ ಡೆಲ್ಲಾ ಡ್ಯೂಟಿ ಮುಗಿಸಿ ಅಲ್ ಐನ್‌ನಿಂದ ಬಂದು ಮೇಜಿನ ಎದುರು ಕೂತಳು. ಮಾಮ ಕೆಲಸ ಮಾಡುತ್ತಿದ್ದರೆ ಅವಳು ಮಾತಾಡುತ್ತಿದ್ದಳು. ಮಾಮನ ಮನಸ್ಸು ಹಗುರಾಗಲೆಂದೇ ಮಾತಾಡುತ್ತಿದ್ದಳೋ ಏನೋ.

"ಅಮೆರಿಕಾ ಅಂದ್ರೆ ಕುದುರೆ, ದನ, ಬಂದೂಕು. ಸಿನಿಮಾದಲ್ಲಿ ನೋಡಿದ್ದೇವೆ," ಎಂದರು ಅಬ್ಬಾಸಣ್ಣ.

"ಕುರಿಯನ್ನು ಯಾರೂ ತೋರಿಸುವುದಿಲ್ಲ," ಎಂದು ನಕ್ಕಳು. "ಆದರೆ ಕುದುರೆಯವರಿಗೂ ಸೈನಿಕರಿಗೂ ಚಳಿಗೆ ಹೊದೆಯಲು ಕೊಟ್ಟದ್ದು ಕುರಿ. ದನದವರೂ ಕುರಿಯವರೂ ಹುಲ್ಲಿಗಾಗಿ ಒಬ್ಬರನ್ನೊಬ್ಬರು ಕೊಂದದ್ದೂ ಇದೆ."

ಅವಳು ಹೇಳಿದ ಕಥೆ ಹೀಗೆ. ಕುರಿ ಆ ದೇಶದ್ದಲ್ಲ, ಸ್ಪೇನಿನವರ ಹಡಗಿನಲ್ಲಿ ಬಂದದ್ದು. ಬಂದ ಕುರಿಯನ್ನು ಇವರು ತಮ್ಮದು ಮಾಡಿಕೊಂಡರು. ಕುರಿ ಎಂದರೆ ಇವರಿಗೆ ತಾಯಿಯ ಹಾಗೆ. ಉಣ್ಣೆ ನೂತು, ನೇಯ್ದು, ವ್ಯಾಪಾರಿಗೆ ಕೊಟ್ಟು ಹಿಟ್ಟು, ಕಾಫಿಪುಡಿ ತರುತ್ತಿದ್ದರು. ಒಂದು ಕಾಲದಲ್ಲಿ ಸೈನಿಕರು ಬಂದು ಕುರಿಗಳನ್ನು ಕೊಂದು, ಜನರನ್ನು ನೂರಾರು ಮೈಲಿ ನಡೆಸಿಕೊಂಡು ಹೋಗಿ ಸೆರೆಯಿಟ್ಟರು. ವರ್ಷಗಳ ಮೇಲೆ ಬಿಟ್ಟು ಕಳಿಸುವಾಗ ಮನೆಗಿಷ್ಟೆಂದು ಕುರಿ ಕೊಟ್ಟರು. ಅದರಿಂದ ಮತ್ತೆ ಹಿಂಡು ಬೆಳೆಯಿತು. ಅವಳ ಅಜ್ಜಿ ಚಿಕ್ಕವಳಿದ್ದಾಗ ಸರ್ಕಾರದವರು ಮತ್ತೆ ಬಂದರು. ಈ ಸಲ ಹೇಳಿದ್ದು, ನಿಮ್ಮ ಕುರಿ ಹೆಚ್ಚಾಗಿ ಹುಲ್ಲು ಸಾಯುತ್ತಿದೆ, ನೆಲ ಕೊಚ್ಚಿಹೋಗುತ್ತಿದೆ ಎಂದು. ಎಷ್ಟೋ ಕಡೆ ಕುರಿಗಳನ್ನು ಹಳ್ಳಕ್ಕೆ ಅಟ್ಟಿ, ಸಾಕಿದವರ ಕಣ್ಣೆದುರೇ ಗುಂಡು ಹೊಡೆದರು.

"ನಿಮ್ಮನ್ನು ಕೇಳಲಿಲ್ವಾ ಮೊದಲು?" ಎಂದರು ಅಬ್ಬಾಸಣ್ಣ.

"ಕುರಿ ಕೇಳಿ ಮಸಾಲೆ ಅರೀತಾರಾ ಅಣ್ಣಾ?" ಎಂದೆ ನಾನು.

ಅಬ್ಬಾಸಣ್ಣ ಗಾದೆಯನ್ನು ಇಂಗ್ಲಿಷಿಗೆ ಮಾಡಿ ಹೇಳಿದರು. ಡೆಲ್ಲಾ ಜೋರಾಗಿ ನಕ್ಕಳು. ನಗುತ್ತ ನಗುತ್ತ ಕಣ್ಣೊರೆಸಿಕೊಂಡಳು.

"ಮಾಂಸವಾದ್ರೂ ತಿನ್ಲಿಕ್ಕೆ ಬಿಟ್ರಾ?" ಎಂದು ಅಬ್ಬಾಸಣ್ಣ ಕೇಳಿದರು.

"ನಮ್ಮ ಕಡೆ ಬಿಡಲಿಲ್ಲ. ಹಾಗೇ ಕೊಳೆಯಿತು. ಗಾಳಿ ಬೀಸಿದಾಗೆಲ್ಲ ಅಜ್ಜಿ ಮೂಗು ಮುಚ್ಚಿಕೊಳ್ಳುತ್ತಿದ್ದಳು. ಮುದುಕಿಯಾದ ಮೇಲೂ."

ಆ ಅಜ್ಜಿಯ ಮನೆಯವರು ನಾಲ್ಕಾರು ಕುರಿಗಳನ್ನು ಕಣಿವೆಯ ಸಂದಿನಲ್ಲಿ ಬಚ್ಚಿಟ್ಟು ಉಳಿಸಿಕೊಂಡರಂತೆ. ಅಮ್ಮ ನೇಯ್ದದ್ದೆಲ್ಲ ಆ ಕುರಿಗಳ ಸಂತಾನದ ಉಣ್ಣೆಯಲ್ಲೇ. ಈಗ ಆ ಹಿಂಡೂ ಇಲ್ಲ. ಅಮ್ಮನಿಗೆ ಕೈಲಾಗದಾದಾಗ, ಡೆಲ್ಲಾ ಕೆಲಸಕ್ಕೆಂದು ಇಲ್ಲಿಗೆ ಬಂದ ವರ್ಷ, ಮಾರಿದರು.

ನಾನು ಗೋಡೆಯ ಕಥೆ ಹೇಳಬೇಕೆಂದುಕೊಂಡೆ. ಕಾವಲಿನಲ್ಲಿ ಯಾರೂ ಗುಂಡು ಹೊಡೆಯಲಿಲ್ಲ. ನಾವೇ ಹಗ್ಗ ಹಿಡಿದು ಸಂತೆಗೆ ಒಯ್ದೆವು. ಕೊನೆಯ ಟಗರು ಮಾರಿ ಬಂದ ದಿನ ಅಪ್ಪ ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು ಸುಮ್ಮನೆ ಕೂತಿದ್ದರು. ಇದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳಲು ನನಗೆ ಬರಲಿಲ್ಲ. "ಮೈ ಫಾದರ್ ಆಲ್ಸೋ ಶೀಪ್," ಎಂದೆ. ಅಬ್ಬಾಸಣ್ಣ ಕಿಸಕ್ಕೆಂದರು. ಡೆಲ್ಲಾ ನಗಲಿಲ್ಲ. ನನ್ನ ಕೈ ನೋಡಿ, "ಗೊತ್ತು, ನೀನು ತೊಳೆದದ್ದರಲ್ಲೇ ಗೊತ್ತಾಯಿತು," ಎಂದಳು.

ಆ ಮಾತಿಗೆ ಉಬ್ಬಿಹೋದೆ. ಇಂಟರ್‌ನ್ಯಾಷನಲ್ ಸಿಟಿ ಎಂಬ ಬಡಾವಣೆಯ ನಮ್ಮ ಬ್ಯಾಚುಲರ್ ರೂಮಿನಲ್ಲಿ ನಾನು ಹಾಸಿಕೊಳ್ಳುತ್ತಿದ್ದದ್ದು ಅಪ್ಪ ನೇಯ್ದ ಕಂಬಳಿ. ಅಪ್ಪ ಹೋದಾಗ ನನಗೆ ಮಣ್ಣಿಗೆ ಹೋಗಲಾಗಿರಲಿಲ್ಲ. ಆಮೇಲೆ ಊರಿಗೆ ಹೋದಾಗ ಅದೊಂದನ್ನು ತಂದಿದ್ದೆ. ಮಂಗಳವಾರ ಬೆಳಗ್ಗೆ ಅದರ ಬೂದು ಪಟ್ಟೆಯಿಂದ ಉದ್ದನೆಯ ಎಳೆಯೊಂದನ್ನು ಕತ್ತರಿಸದೆ ಎಳೆದು, ಕಾಗದದಲ್ಲಿ ಸುತ್ತಿ ತಂದೆ. ಬಣ್ಣ ಹೆಚ್ಚುಕಡಿಮೆ ಅದೇ. ಮಾಮನ ಮುಖ ಮೂರು ದಿನದಲ್ಲಿ ಮೊದಲ ಸಲ ತಿಳಿಯಾಯಿತು.

"ಬೀರಪ್ಪಾ, ನೀನು ನನ್ನನ್ನು ಉಳಿಸಿದೆ ಮಾರಾಯ," ಎಂದು ನನ್ನ ಎರಡೂ ಕೈ ಹಿಡಿದುಕೊಂಡರು.

ಸಂಜೆ ಡೆಲ್ಲಾಳ ಎದುರು ಎಳೆಯನ್ನಿಟ್ಟೆ. ಅವಳು ಬೆರಳಲ್ಲಿ ಹೊಸೆದು ನೋಡಿದಳು, ಮೂಸಿದಳು, ತುಂಬ ಹೊತ್ತು ಅಂಗೈಯಲ್ಲಿಟ್ಟುಕೊಂಡಳು. "ಒಳ್ಳೆಯ ಉಣ್ಣೆ," ಎಂದಳು. ಆಮೇಲೆ ನನ್ನ ಕೈಗೇ ವಾಪಸು ಕೊಟ್ಟಳು. "ಇದು ನಿನ್ನ ಅಪ್ಪನದು. ನನ್ನ ಅಮ್ಮ ಹೊರಗೆ ಬರುವುದು ನಿನ್ನ ಅಪ್ಪನ ಎಳೆ ಹಿಡಿದಲ್ಲ."

ನನಗೆ ರೇಗಿತು. ಹಾಸಿಗೆಯಿಂದ ಎಳೆದು ಕೊಟ್ಟದ್ದು ಇವಳಿಗೆ ಬೇಡವಾಯಿತೇ ಎಂದು ಹೊರಗೆ ಹೋಗಿ ನಿಂತೆ. ರಸ್ತೆಯಾಚೆ ಯಾರೋ ಬಂಪರ್ ಬಡಿಯುತ್ತಿದ್ದರು. ಸ್ವಲ್ಪ ಹೊತ್ತಿಗೆ ಅಪ್ಪನ ಕಂಬಳಿಯ ಬದಲು ಬೇರೆ ಯಾರದೋ ತಂದು ಇದೇ ಎಂದು ಯಾರಾದರೂ ಕೊಟ್ಟಿದ್ದರೆ ನಾನು ಹಾಸಿಕೊಳ್ಳುತ್ತಿದ್ದೆನೇ ಎನ್ನಿಸಿತು. ಒಳಗೆ ಬಂದೆ.

ಆ ಹೊತ್ತಿಗೆ ಅವಳ ಫೋನಿನಲ್ಲಿ ಅಮ್ಮ ಇದ್ದಳು. ನಮಗೆ ಸಂಜೆ, ಅವರಿಗೆ ಬೆಳಗು. ಮುಖ ಕಾಣಲಿಲ್ಲ, ಧ್ವನಿ ಮಾತ್ರ. ಒಣಗಿದ ಸೌದೆಯಂಥ ಧ್ವನಿ. ಭಾಷೆ ನಮಗಾರಿಗೂ ಬರದು. ಆದರೂ ಒಂದೇ ಮಾತು ಮತ್ತೆ ಮತ್ತೆ ಬರುತ್ತಿದ್ದದ್ದು ಕೇಳಿ ಮೂವರಿಗೂ ಅರ್ಥವಾಯಿತು. ಡೆಲ್ಲಾ ಮೇಜಿನ ಮೇಲಿದ್ದ ಬಟ್ಟೆಯನ್ನೇ ನೋಡುತ್ತಿದ್ದಳು. ಮಾಮ ಸೂಜಿ ಕೆಳಗಿಟ್ಟು ತಲೆ ತಗ್ಗಿಸಿದರು.

ಫೋನ್ ಇಟ್ಟು ಅವಳೇ ಹೇಳಿದಳು. "ಏನೂ ತುಂಬಬೇಡಿ. ಕಪ್ಪು ತೆಗೆಯಿರಿ. ಜಾಗ ಖಾಲಿ ಇರಲಿ. ದಾರಿ ಅಂದರೆ ಖಾಲಿ ಜಾಗವೇ ಅಲ್ಲವೇ?"

"ಖಾಲಿ ಬಿಟ್ರೆ ಆಚೀಚೆಯ ನೂಲು ಜಾರಿ ಸೇರಿಕೊಳ್ತದೆ ಅಂತ ಹೇಳಿ," ಎಂದರು ಮಾಮ, ಅಬ್ಬಾಸಣ್ಣನ ಕಡೆ ತಿರುಗಿ. "ಎರಡು ಬದಿಗೂ ಸಣ್ಣ ಹೊಲಿಗೆ ಹಾಕಿ ನಿಲ್ಲಿಸ್ಬೇಕು. ನಾನು ಹಾಕ್ತೇನೆ. ಕೂದಲಷ್ಟು ಸಣ್ಣ ಹಾಕ್ತೇನೆ."

ತೂತು ಮುಚ್ಚಿಯೇ ಬದುಕಿದ ಮನುಷ್ಯ ಬುಧವಾರ ಇಡೀ ದಿನ ಒಂದು ತೂತನ್ನು ಕಾಯಲು ಹೊಲಿದರು. ಊಟಕ್ಕೆ ಏಳಲಿಲ್ಲ. ನಾನು ಬಟ್ಟೆಯ ಇನ್ನೊಂದು ತುದಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದೆ. ಸಂಜೆ ಹೊತ್ತಿಗೆ ಕಪ್ಪು ಅಂಚಿನಲ್ಲಿ ಒಂದು ಸಣ್ಣ ಸೀಳು, ಒಳಗೆ ಉದ್ದಕ್ಕೆ ಹೂಡಿದ ಹಾಸಿನ ಬರಿಯ ಎಳೆಗಳು. ಕಿಟಕಿಗೆ ಹಿಡಿದರೆ ಬೆಳಕು ಒಂದು ಗೆರೆಯಾಗಿ ಈಚೆ ಬರುತ್ತಿತ್ತು. ಡೆಲ್ಲಾ ಆ ಗೆರೆಯ ಮೇಲೆ ಬೆರಳಾಡಿಸಿ, ಮಾಮನ ಹಣೆಗೆ ಮುತ್ತಿಟ್ಟು ಹೋದಳು. ಮಾಮ ಅಳಬಾರದೆಂದು ಅಬ್ಬಾಸಣ್ಣ, "ಯಲ್ಲಾ ಯಲ್ಲಾ, ಅಂಗಡಿಯೊಳಗೆ ಸರಸ ಬೇಡ," ಎಂದು ರೇಗಿಸಿದರು. ಮಾಮ ಅತ್ತೇ ಅತ್ತರು.

ಆಮೇಲಿನ ದಿನಗಳು ಡೆಲ್ಲಾ ತನ್ನ ಊರಿನಿಂದ ಸುದ್ದಿ ಕಳಿಸುವುದನ್ನು ಕಾಯುವ ದಿನಗಳು. ಚಳಿಗಾಲದ ಕೆಲಸ ಏರಿತ್ತು. ಮನೆಮನೆಯ ಕಾರ್ಪೆಟ್ಟು ಬಂದು ಬೀಳುತ್ತಿತ್ತು. ಮಾಮ ಮಾತ್ರ ಫೋನ್ ಸದ್ದಾದಾಗೆಲ್ಲ ಕತ್ತು ಎತ್ತುತ್ತಿದ್ದರು. "ಎಂತ, ಬಂತಾ?" ಎಂದು ಕೇಳುತ್ತಿದ್ದರು. "ಇಲ್ಲ ಮಾಮ, ಕಾರ್ಗೋದವನದ್ದು," ಎಂದರೆ ಮತ್ತೆ ಬಗ್ಗುತ್ತಿದ್ದರು. ಕಾಣದ ಹೊಲಿಗೆ ಹಾಕುವವರು ಹೊಲಿಗೆಯನ್ನು ಎರಡೆರಡು ಸಲ ಬಿಚ್ಚಿ ಹಾಕತೊಡಗಿದರು. ಗಿರಾಕಿಗಳನ್ನು ಕರೆದು, "ಇದು ಹರಿದದ್ದಾ, ಇಲ್ಲ ಹೀಗೇ ಇರ್ಲಿಕ್ಕೆ ಉಂಟಾ?" ಎಂದು ಕೇಳಿಯೇ ಕೈ ಹಾಕುತ್ತಿದ್ದರು. ಕೆಲವರು ನಕ್ಕರು.

ಮಾಮ ಮುಂದಿನ ವರ್ಷ ವೀಸಾ ಮುಗಿಸಿ ಶಿರ್ವಕ್ಕೆ ಹೋದರು. ಈಗ ಬದುಕಿಲ್ಲ. ಆದ್ದರಿಂದ ಮುಂದಿನದನ್ನು ಬರೆಯಬಹುದು.

ಕ್ರಿಸ್ಮಸ್ಸಿನ ನಕ್ಷತ್ರವನ್ನು ಮಾಮ ಕಿಟಕಿಗೆ ಕಟ್ಟುತ್ತಿದ್ದ ಸಂಜೆ ಅಬ್ಬಾಸಣ್ಣನ ಫೋನಿಗೆ ಮೆಸೇಜು ಬಂತು. ಅಬ್ಬಾಸಣ್ಣ ಓದಿದರು. ಮಾಮ ಸ್ಟೂಲಿನ ಮೇಲಿಂದಲೇ, "ಅವಳದ್ದಾ?" ಎಂದರು.

"ಹೌದು. ಕೇಳಿ, ಓದ್ತೇನೆ. ಅಮ್ಮ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ರಂತೆ. ನಾನು ಅವಳ ಬೆರಳನ್ನು ಆ ಜಾಗಕ್ಕೆ ಮುಟ್ಟಿಸಿದೆ ಅಂತ ಬರ್ದಿದ್ದಾಳೆ. ಆಮೇಲೆ ಆ ಪ್ರಶ್ನೆಯನ್ನು ಅಮ್ಮ ಕೇಳ್ಲೇ ಇಲ್ಲವಂತೆ."

"ಕೇಳ್ಲೇ ಇಲ್ಲವಾ?"

"ಇಲ್ಲ ಮಾಮ. ಒಂದ್ಸಲವೂ ಇಲ್ಲ."

ಮಾಮ ಸ್ಟೂಲಿನಿಂದ ಇಳಿದು ಗೋಡೆಯ ಶಿಲುಬೆಯತ್ತ ತಿರುಗಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. ಹೆಗಲಿಂದ ಮೂಟೆ ಇಳಿಸಿದವರ ಹಾಗೆ ಉಸಿರುಬಿಟ್ಟರು. "ಮತ್ತೆಂತ ಬರ್ದಿದ್ದಾಳೆ?"

"ಅಷ್ಟೇ ಉಂಟು," ಎಂದು ಅಬ್ಬಾಸಣ್ಣ ಫೋನನ್ನು ನನ್ನ ಕೈಗೆ ಕೊಟ್ಟು, ಮುಖ ತೊಳೆಯಲು ಹೋಗುವವರ ಹಾಗೆ ನಲ್ಲಿಯ ಕಡೆ ಹೋದರು.

ನನ್ನ ಏಳನೇ ಕ್ಲಾಸಿನ ಇಂಗ್ಲಿಷಿಗೆ ಅಕ್ಷರ ಕೂಡಿಸಿ ಓದಲು ಹೊತ್ತು ಹಿಡಿಯುತ್ತದೆ. ಮೊದಲಿನ ಸಾಲುಗಳು ಅಬ್ಬಾಸಣ್ಣ ಓದಿದ ಹಾಗೆಯೇ ಇದ್ದವು. ಕೆಳಗೆ ಅವರು ಓದದೆ ಬಿಟ್ಟ ಇನ್ನೊಂದು ಸಾಲಿತ್ತು.

"ಅಮ್ಮನಿಗೆ ನನ್ನ ಗುರುತೂ ಸಿಗಲಿಲ್ಲ; ನಾನು ಯಾರೆಂದೂ ಕೇಳಲಿಲ್ಲ."

"ಬೀರಪ್ಪಾ," ಮಾಮ ಮೇಜಿನಿಂದ ಕೂಗಿದರು. "ಫೋನು ನೋಡಿದ್ದು ಸಾಕು. ನನ್ನ ಕಣ್ಣಿಗೆ ಇವತ್ತು ಎಂತದೂ ಕಾಣುದಿಲ್ಲ. ಬಾ, ಈ ಸೂಜಿಗೆ ನೂಲು ಹಾಕಿ ಕೊಡು."

ಹೋಗಿ ಹಾಕಿಕೊಟ್ಟೆ.